ಮಚ್ಚೆಯಿಲ್ಲದ ಅಮ್ಮ

ಆ ಬೆಳಗ್ಗೆ ಅವಳು ಬಾಗಿಲಿಗೆ ಬಂದು ಬೀದಿ ನೋಡಿದ್ದು ಸಾವಿರ ಸಲವಾದರೂ ಇದ್ದೀತು. ಹೊಸ್ತಿಲು ಅರ್ಧ ಬೆರಳು ಸವೆಯಿತೆಂದು ಎದುರಂಗಡಿಯವರು ಇಂದಿಗೂ ಆಣೆ ಮಾಡಿ ಹೇಳುತ್ತಾರೆ. ಸವೆಯದೆ ಏನು? ಎರಡು ವರ್ಷದ ಮೇಲೆ ಮಗಳು ಮನೆಗೆ ಬರುತ್ತಿದ್ದಳು. ತಾಯಿಗೆ ಶ್ವಾಸಕೋಶದ ಕಾಯಿಲೆ ಅಂಟಿಕೊಂಡಾಗ ಮಗು ಇನ್ನೂ ಗೋಡೆ ಹಿಡಿದು ನಡೆಯುತ್ತಿತ್ತು. ಹತ್ತಿರವಿದ್ದರೆ ಅದಕ್ಕೂ ತಗಲುತ್ತದೆಂದು ಪರವೂರಿನಲ್ಲಿದ್ದ ಅವಳ ಅಕ್ಕನ ಮಡಿಲಿಗೆ ಹಾಕಿದ್ದರು. ಈಗ ಡಾಕ್ಟರು ಪೂರ್ತಿ ವಾಸಿ ಎಂದಿದ್ದರು. ಅವಳಿಗೆ ಬೇಕಿದ್ದದ್ದು ಒಂದೇ, ಆ ಬಾಯಲ್ಲಿ ‘ಅಮ್ಮ’ ಅನ್ನಿಸಿಕೊಳ್ಳುವುದು. ಅದಕ್ಕಾಗಿ ಅವಳು ನುಂಗಿದ ಮಾತ್ರೆಗಳನ್ನು ರಾಶಿ ಹಾಕಿದ್ದರೆ ಗುಡ್ಡವಾಗಿ, ಅದರ ಮೇಲೆ ಕುರಿ ಮೇಯಿಸಬಹುದಿತ್ತು.

ಗಂಡನದು ಫೋಟೋಗೆ ಕಟ್ಟು ಹಾಕುವ ಅಂಗಡಿ. ಅದರ ಹಿಂದಿನ ಎರಡು ಕೋಣೆಗಳೇ ಮನೆ. ಅನ್ನಕ್ಕೂ ಅಂಟಿನ ವಾಸನೆ, ದಿಂಬಿನಲ್ಲೂ ಮರದ ಹೊಟ್ಟು. ಅವನು ಕಟ್ಟು ಹಾಕಿದರೆ ಕತ್ತೆಯೂ ಕುದುರೆಯಾಗಿ ಕೆನೆಯುತ್ತದೆಂದು ಪ್ರತೀತಿ. ಹಬ್ಬಿಸಿದವನೂ ಅವನೇ. ಮಗು ತಾಯಿಯನ್ನು ಮರೆಯಬಾರದೆಂದು ಹೆಂಡತಿಯ ಹಳೆಯ ಫೋಟೋವನ್ನು ದೊಡ್ಡದು ಮಾಡಿಸಿ, ಕೆನ್ನೆಗೆ ರಂಗು ತುಂಬಿ, ಗದ್ದದ ಮಚ್ಚೆಯನ್ನು ಸಣ್ಣ ಕುಂಚದಿಂದ ಅಳಿಸಿ, ಚಿನ್ನದ ಬಣ್ಣದ ಕಟ್ಟು ಹಾಕಿ ಅಕ್ಕನ ಮನೆಗೆ ಕಳಿಸಿದ್ದ. ಅಕ್ಕನೂ ಹೊತ್ತುಹೊತ್ತಿಗೆ ಮಗುವನ್ನು ಅದರ ಮುಂದೆ ಕೂರಿಸಿ, “ಇವಳೇ ನಿನ್ನಮ್ಮ” ಎಂದು ಹೇಳಿಕೊಟ್ಟಿದ್ದಳು.

ಅಂತೂ ಅಕ್ಕ ಬಂದಳು. ಒಂದು ಕೈಯಲ್ಲಿ ಮಗು, ಇನ್ನೊಂದು ಕಂಕುಳಲ್ಲಿ ಬೆಡ್‌ಶೀಟು ಸುತ್ತಿದ ಫೋಟೋ.

“ಏನಪ್ಪಾ ಕಟ್ಟಿನ ಸರದಾರ, ಇದು ಫೋಟೋನಾ ಮಂಚಾನಾ? ಇದಕ್ಕೂ ಟಿಕೆಟ್ ತಗೊಳ್ಳಿ ಅಂತ ಕೂತ ಕಂಡಕ್ಟರು.”

“ಅರ್ಧ ಟಿಕೆಟ್ ತಗೋಬೇಕಿತ್ತು ಅತ್ತಿಗೆ. ನಿಮ್ಮ ತಂಗಿ ಈಗ ಅರ್ಧಾನೇ ಉಳ್ದಿರೋದು!”

ಅವಳಿಗೆ ಆ ಮಾತೊಂದೂ ಕಿವಿಗೆ ಬೀಳಲಿಲ್ಲ. ಮಂಡಿಯೂರಿ ಎರಡೂ ಕೈ ಚಾಚಿದಳು. “ಬಾರೇ ಪುಟ್ಟಿ...”

ಮಗು ದೊಡ್ಡಮ್ಮನ ಬೆನ್ನ ಹಿಂದೆ ಸರಿಯಿತು.

“ಅಮ್ಮ ಕಣೇ, ಹೋಗು,” ಎಂದಳು ಅಕ್ಕ.

ಮಗು ಇಣುಕಿ ನೋಡಿತು. ಸೊರಗಿದ ಮುಖ, ಕತ್ತಿನವರೆಗೆ ಕತ್ತರಿಸಿದ ಕೂದಲು. “ಇವರಲ್ಲ. ಅಮ್ಮ ಬೆಡ್‌ಶೀಟಲ್ಲಿದಾಳೆ.”

“ಅದೂ ನಾನೇ ಕಂದ.”

“ಅಲ್ಲ. ಅಮ್ಮಂಗೆ ಇಲ್ಲಿ ಕಪ್ಪು ಇಲ್ಲ.” ಪುಟ್ಟ ಬೆರಳು ಅವಳ ಗದ್ದವನ್ನು ತೋರಿಸಿತು.

ಗಾಜು ಕೊಯ್ಯುವ ವಜ್ರದ ಮೊನೆಯೂ ಅಷ್ಟು ನೀಟಾಗಿ ಕೊಯ್ಯಲಾರದು. ನಗಲು ಬಾಯಿ ತೆರೆದ ಗಂಡ ಹಾಗೇ ನಿಂತ; ನೊಣ ಒಳಗೆ ಹೋಗಿ ಸಂಸಾರ ಹೂಡಿ ಹೊರಬರಬಹುದಿತ್ತು, ಅಷ್ಟು ಹೊತ್ತು.

ಸಂಜೆಯ ಬಸ್ಸಿಗೆ ಅಕ್ಕ ಹೊರಟಳು. “ಇವತ್ತೊಂದಿನ ಇರೇ,” ಎಂದು ತಂಗಿ ಅಂಗಲಾಚಿದರೆ, “ನಾನಿದ್ದಷ್ಟು ದಿನ ಅದು ನಿನ್ನ ಹತ್ರ ಬರಲ್ಲ ಕಣೇ,” ಎಂದು ಕಣ್ಣೊರೆಸಿಕೊಂಡು ಬೀದಿಯ ತಿರುವು ದಾಟಿಬಿಟ್ಟಳು. ಆಮೇಲೆ ಮಗುವಿನ ಅಳುವಿಗೆ ಅಂಗಡಿಯ ಗಾಜುಗಳೆಲ್ಲ ಗಲಗಲ ಅಂದವು. ಅವಳು ಎತ್ತಿಕೊಳ್ಳಹೋದರೆ ಮಗು ಹಾವು ಕಂಡಂತೆ ಹಿಂದೆ ಸರಿಯಿತು. ಕೊನೆಗೆ ಗೋಡೆಗೆ ಒರಗಿಸಿದ್ದ ಫೋಟೋದ ಮುಂದೆ ಕುಕ್ಕರಿಸಿ, ಬಿಕ್ಕುತ್ತಲೇ ದೂರು ಹೇಳಿತು.

“ಅಮ್ಮ, ದೊಡ್ಡಮ್ಮ ಹೋದ್ಲು. ಇಲ್ಲೊಬ್ರು ಆಂಟಿ ಇದಾರೆ. ನನ್ನ ಮುಟ್ಟಕ್ಕೆ ಬರ್ತಾರೆ. ನೀನು ಯಾವಾಗ ಆಚೆ ಬರ್ತೀಯಾ?”

ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದ ಅವಳು ಬಾಯಿಗೆ ಕೈ ಒತ್ತಿಕೊಂಡಳು. ಗಂಡ ಇಕ್ಕಳ ಹಿಡಿದು ಪಿಸುಗುಟ್ಟಿದ. “ಬಿಚ್ಚಿ ಅಟ್ಟಕ್ಕೆ ಎಸೀತೀನಿ. ಇಲ್ಲಾ ಅಂದ್ರೆ ಆ ಮಚ್ಚೆ ಮತ್ತೆ ಬರೀತೀನಿ. ಎರಡು ನಿಮಿಷದ ಕೆಲ್ಸ.”

“ಸುಮ್ನಿರಿ. ಇವತ್ತು ಒಬ್ಬ ಅಮ್ಮ ಬಸ್ಸು ಹತ್ತಿ ಹೋದ್ಲು. ಇನ್ನೊಬ್ಬಳನ್ನೂ ಕಿತ್ಕೊಂಡ್ರೆ ಅದು ಯಾರ ಮುಂದೆ ಅಳಬೇಕು?”

ಇಡೀ ಊರಿನ ಗೋಡೆಗಳಿಗೆ ಮೊಳೆ ಹೊಡೆದ ಆ ಸರದಾರ, ಜೀವನದಲ್ಲಿ ಮೊದಲ ಸಲ ಮಂಡಿಯೆತ್ತರಕ್ಕೆ ಮೊಳೆ ಹೊಡೆದು, ಮಗುವಿನ ಕಣ್ಣಿಗೆ ಸಮವಾಗಿ ಹೆಂಡತಿಯನ್ನು ನೇತುಹಾಕಿದ.

ಅವಳು ಹಾಲು ತಂದು ದೂರದಲ್ಲೇ ಇಟ್ಟು ಕೂತಳು. ಮಗು ಅರ್ಧ ಕುಡಿಯಿತು. ಉಳಿದದ್ದನ್ನು ಫೋಟೋದ ಗಾಜಿಗೆ ತಾಗಿಸಿ ಹಿಡಿದು ಕಾದು ಕೂತಿತು. ಆಮೇಲೆ ಲೋಟ ಹಿಡಿದು, ಯಾರಿಗೆ ಕೊಡಲಿ ಎಂದು ಖಾಲಿ ಬಾಗಿಲನ್ನೊಮ್ಮೆ ನೋಡಿತು.

“ಅಮ್ಮ ಕುಡಿಯಲ್ಲ. ದಿನಾ ಅಮ್ಮಂದು ದೊಡ್ಡಮ್ಮ ಕುಡೀತಾಳೆ.” ಸ್ವಲ್ಪ ಯೋಚಿಸಿ ಲೋಟವನ್ನು ಇವಳ ಕಡೆ ಚಾಚಿತು. “ಇವತ್ತು ನೀವು ಕುಡೀರಿ.”

ಎರಡು ವರ್ಷ ಅವಳ ಲೋಟ ಬೇರೆ, ತಟ್ಟೆ ಬೇರೆ. ವಾಸಿಯಾದ ಮೇಲೂ ಇನ್ನೊಬ್ಬರ ಎಂಜಲಿಗೆ ತುಟಿ ತಾಗಿಸುವ ಧೈರ್ಯ ಬಂದಿರಲಿಲ್ಲ. ಲೋಟ ತೆಗೆದುಕೊಂಡಳು. ಹಾಲು ಆರಿ ಕೆನೆ ಕಟ್ಟಿತ್ತು. ಕುಡಿದಳು.

ಮಗು ಲೋಟದೊಳಗೆ ಬಗ್ಗಿ ನೋಡಿ, ಖಾಲಿಯಾಗಿದೆಯೆಂದು ಖಾತ್ರಿ ಮಾಡಿಕೊಂಡು, ಗಾಜಿನ ಕಡೆ ತಿರುಗಿತು.

“ಕುಡಿದ್ರಮ್ಮ, ಆಂಟಿ.”