ಆಲ್ಟರ್ ಎಂಬ ಹತ್ತೊಂಬತ್ತರ ಮುದುಕ

ನಾಹುಮ್ ಗ್ಲುಸ್ಮಾನ್ ಒಂದು ಸಲ ಗಂಟಲೆತ್ತಿ ಕೂಗಿದರೆ ಉರುಗ್ವೇ ನದಿಯ ಆಚೆ ದಡದ ಗಬ್ಬದ ಹಸುಗಳೆಲ್ಲ ಗಾಬರಿಗೆ ಕರು ಹಾಕಿಬಿಡುತ್ತಿದ್ದವು. ಸಾವಿನ ದೂತನೇ ಆ ಕೂಗಿಗೆ ಹೆದರಿ ರೆಕ್ಕೆ ಉದುರಿಸಿಕೊಂಡು ಓಡಿದ್ದುಂಟು. ನಂಬದವರು ಹಳ್ಳಿಯ ಕ್ಲಬ್ಬಿಗೆ ಬಂದು ಅವನನ್ನೇ ಕೇಳಬಹುದು, ಕೇಳದಿದ್ದರೂ ಹೇಳುತ್ತಾನೆ.

ಮಗ ರುಬೇನನನ್ನು ಬ್ರಿಟಿಷರ ವಿರುದ್ಧದ ಮಾಲ್ವಿನಾಸ್ ದ್ವೀಪಗಳ ಯುದ್ಧಕ್ಕೆ ಕರೆದೊಯ್ದ ಮೇಲೆ ಅವನಿಂದ ಸುದ್ದಿಯೇ ಇಲ್ಲ. ಅಲ್ಲಿನ ಚಳಿಗೆ ಬೆಂಕಿಯೂ ಹೆಪ್ಪುಗಟ್ಟುತ್ತದಂತೆ ಎಂದು ನಾಹುಮ್ ಹೇಳಿಕೊಂಡು ತಿರುಗುತ್ತಿದ್ದ; ಹೆಂಡತಿ ಫ್ರುಮಾ ದಿನವೂ ಅಂಚೆಯವನ ದಾರಿ ಕಾಯುತ್ತಿದ್ದಳು. ಕೊನೆಗೆ ಅವಳು ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ಹತ್ತು ಗಂಡಸರನ್ನು ಕೂಡಿಸಿ, ಉಳಿಯುವುದು ಕಷ್ಟವೆನ್ನುವ ರೋಗಿಗೆ ಮಾಡುವಂತೆ, ಮಗನ ಹೆಸರನ್ನೇ ಬದಲಾಯಿಸಿದಳು. ಹೊಸ ಹೆಸರು ಆಲ್ಟರ್, ಅಂದರೆ ಮುದುಕ. ಹತ್ತೊಂಬತ್ತರ ರುಬೇನನನ್ನು ಹುಡುಕಿ ಬಂದ ಸಾವಿನ ದೂತನಿಗೆ ಯಾರೋ ಮುದುಕ ಸಿಕ್ಕಿ, ವಿಳಾಸ ತಪ್ಪಿತೆಂದು ಹಿಂತಿರುಗಬೇಕು. ಅಂದಿನಿಂದ ಮನೆಯಲ್ಲಿ ಹಳೆಯ ಹೆಸರು ಎತ್ತುವಂತಿರಲಿಲ್ಲ.

ಯುದ್ಧ ಸೋತು ಹುಡುಗರು ಮರಳಿದ ದಿನ ಇಬ್ಬರೂ ಸೇನಾ ಶಿಬಿರದ ಬೇಲಿಗೆ ಅಂಟಿಕೊಂಡು ನಿಂತರು. ನಾಹುಮನ ಲೆಕ್ಕದಲ್ಲಿ ಅಲ್ಲಿ ಅರ್ಧ ಅರ್ಜೆಂಟೀನಾ ನೆರೆದಿತ್ತು. ಹೆಸರು ಕರೆದಾಗ ಮನೆಯವರು ಓಗೊಡಬೇಕು. ಇಲ್ಲದಿದ್ದರೆ ಹುಡುಗ ಮತ್ತೆ ಲಾರಿ ಹತ್ತಿ ಯಾವುದೋ ದೂರದ ಆಸ್ಪತ್ರೆಗೆ. ಸಾರ್ಜೆಂಟ್ "ಗ್ಲುಸ್ಮಾನ್, ರುಬೇನ್" ಎಂದ. ನಾಹುಮ್ ಬಾಯಿ ತೆರೆಯುವಷ್ಟರಲ್ಲಿ ಫ್ರುಮಾಳ ಅಂಗೈ ಅದನ್ನು ಮುಚ್ಚಿತು.

"ಸುಮ್ನಿರು, ನಾಹುಮ್. ಓಗೊಟ್ರೆ, ಇವನೇ ಅವನು ಅಂತ ಆ ದೂತನಿಗೆ ನಾವೇ ಬೊಟ್ಟುಮಾಡಿ ತೋರಿಸ್ದಂಗೆ."

ಎರಡನೆಯ ಸಲವೂ ಹೆಸರು ಕೇಳಿಸಿತು. ಬೇಲಿಯಾಚೆ ಒಬ್ಬ ಹುಡುಗ ಕಣ್ಣು ಕಿರಿದು ಮಾಡಿ ಜನರತ್ತ ನೋಡುತ್ತಿದ್ದ. ಕಡ್ಡಿಯಂಥ ಕಾಲು, ಮುಖದಲ್ಲಿ ಕನ್ನಡಕವಿಲ್ಲ. ಕನ್ನಡಕವಿಲ್ಲದೆ ರುಬೇನನಿಗೆ ಎದುರಿಗಿರುವ ಗೋಡೆಯೂ ಕಾಣದು. ಲಾರಿ ಗುರುಗುಟ್ಟಿತು. ಯಾರೋ ಹುಡುಗನ ಭುಜ ಹಿಡಿದು ಅತ್ತ ತಿರುಗಿಸಿದರು.

"ಆಗ ಕೂಗಿದೆ ನೋಡಿ ನಾನು," ಎನ್ನುತ್ತಾನೆ ನಾಹುಮ್, ಕ್ಲಬ್ಬಿನ ಮೇಜು ಗುದ್ದಿ. "ಆಲ್ಟರ್ ಅಂತ. ಲಾರಿ ಎಂಜಿನ್ನು ಅಲ್ಲೇ ಆರಿಹೋಯ್ತು. ಸಾರ್ಜೆಂಟನ ಟೋಪಿ ಮರದ ಮೇಲೆ. ನನ್ನ ಮಗ ತಿರುಗಿ ಓಡಿಬಂದ."

ಮೊನ್ನೆ ಭಾನುವಾರ, ಪಕ್ಕದಲ್ಲೇ ಕುಳಿತು ಮಾಟೆ ಎಲೆಯ ಕಷಾಯ ಹೀರುತ್ತಿದ್ದ ರುಬೇನ್ ಕೊಳವೆ ಬಾಯಿಂದ ತೆಗೆದ.

"ಪಪಾ, ಆಲ್ಟರ್ ಅಂದ್ರೆ ನಾನೇ ಅಂತ ನಂಗೆ ಗೊತ್ತಾಗಿದ್ದೇ ಮನೆಗೆ ಬಂದ್ಮೇಲೆ. ಮತ್ತೆ ಅಲ್ಲಿ ನಾನು ಹೆಂಗೆ ತಿರುಗಿದೆ?"

ಮೇಜಿನ ಸುತ್ತ ನಗು ಎದ್ದಿತು; ನಾಹುಮನ ಮುಖ ನೋಡಿ ಅಡಗಿತು. ಅವನು ಮಗನ ಕೈಯಿಂದ ಮಾಟೆಯ ಸೋರೆಬುರುಡೆಯನ್ನು ತನ್ನತ್ತ ಎಳೆದುಕೊಂಡ.

"ಕೂಗಿದ್ದು ನಿಮ್ಮಮ್ಮ," ಎಂದ. "ರುಬೇನ್ ಅಂತ್ಲೇ. ನನ್ ಬಾಯಿಂದ ಕೈ ತೆಗೆದಿದ್ಲು, ಆದ್ರೂ ಗಂಟಲಿಂದ ಗಾಳಿ ಸಹ ಬರ್ಲಿಲ್ಲ. ಅಷ್ಟು ಹೆದರಿದ್ದೆ ಕಣೋ. ಇವತ್ತಿಗೂ ನಿನ್ನ ಹೆಸರು ಹಿಡಿದು ಕರಿಯಕ್ಕೆ ಧೈರ್ಯ ಇಲ್ಲ, ನೋಡ್ಲಿಲ್ವಾ ನೀನು?"

ತಲೆ ಎತ್ತದೆಯೇ ಸೇರಿಸಿದ: "ಆ ಹಸುಗಳ ಮಾತೂ ಸುಳ್ಳೇ."