ಜಲಜಕ್ಕನ ಕಾರ್ಡು

ಅಮ್ಮ ತೀರಿಕೊಂಡ ಮೇಲೆ ಶ್ರೀಲತಾ ಬಾರ್ಕೂರಿನಲ್ಲಿ ಒಬ್ಬಳೇ ಇದ್ದುಕೊಂಡು, ಅಂಗಡಿ, ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದೂ ಹಾಲಿನವರೊಂದಿಗೆ, ಬಸ್ಸಿನ ಕಂಡಕ್ಟರನೊಂದಿಗೆ. ಬೆಳಿಗ್ಗೆ ಕಾಫಿ ಕುಡಿಯುತ್ತ ಇ-ಮೇಲಿನಲ್ಲೇ ಚರ್ಚೆ ನಡೆಯುವ ಒಂದು ಮೇಲಿಂಗ್ ಲಿಸ್ಟ್ ಓದುತ್ತಿದ್ದಳು. ವೆಬ್‌ಸೈಟ್ ಬರೆಯಲು ಬಳಸುವ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಗೆ ಮುಂದೆ ಏನೇನು ಸೇರಬೇಕೆಂದು ಎಲ್ಲೆಲ್ಲಿಯವರೋ ಅಲ್ಲಿ ವಾದ ಮಾಡುತ್ತಿದ್ದರು. ಎರಡು ವರ್ಷದಿಂದ ಓದುತ್ತಿದ್ದರೂ ಅವಳು ಒಂದು ಸಾಲೂ ಬರೆದಿರಲಿಲ್ಲ.

೨೦೧೩ರಲ್ಲಿ ಅಲ್ಲಿ ಒಂದು ಚರ್ಚೆ ಎದ್ದಿತು. ಒಂದು ಆಬ್ಜೆಕ್ಟಿನ, ಅಂದರೆ ಮಾಹಿತಿಯ ಒಂದು ಕಟ್ಟಿನ, ವಿವರಗಳನ್ನು ಇನ್ನೊಂದಕ್ಕೆ ನಕಲು ಮಾಡುವ ಕೆಲಸವನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದುಕೊಳ್ಳುತ್ತಿದ್ದರು. ಇನ್ನು ಎಲ್ಲರಿಗೂ ಒಂದೇ ವಿಧಾನವಿರಲಿ ಎಂಬುದು ಮಾತು. ಯಾರೋ ಹಾಕಿದ ಕರಡಿನಲ್ಲಿ, ನಕಲಿಗೆ ಕೊಟ್ಟದ್ದು ಖಾಲಿಯಿದ್ದರೆ ಪ್ರೋಗ್ರಾಂ ತಪ್ಪು ತೋರಿಸಿ ನಿಲ್ಲಬೇಕೆಂದಿತ್ತು. ಶ್ರೀಲತಾಳಿಗೂ ಸರಿಯೆನಿಸಿತು. ಕುಂದಾಪುರದಲ್ಲಿ ಮೀನು ಮಾರುವ ಹೆಂಗಸರ ಸಂಘಕ್ಕೆ ಗುರುತಿನ ಕಾರ್ಡು ಮುದ್ರಿಸುವ ಪ್ರೋಗ್ರಾಮನ್ನು ಹಾಗೇ ಬರೆದಳು. ಸದಸ್ಯೆಯ ವಿವರ, ಮನೆಯವರ ವಿವರ ಎರಡೂ ನಕಲಾಗಿ ಒಂದು ಕಾರ್ಡಿಗೆ ಬರಬೇಕು.

ಕಾರ್ಡು ಕೊಡುವ ದಿನ ಸಂಘದ ಕಚೇರಿಯಲ್ಲಿ ಹದಿನೇಳನೆಯ ಹೆಸರಿಗೆ ಕಂಪ್ಯೂಟರ್ ನಿಂತುಹೋಯಿತು. ಆ ಹೆಸರು ಜಲಜಕ್ಕನದು. ಅರವತ್ತು ದಾಟಿದ ಹೆಂಗಸು. ಅವಳ ಫಾರಮ್ಮಿನಲ್ಲಿ ಮನೆಯವರ ಜಾಗದಲ್ಲಿ ಏನೂ ಇರಲಿಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು.

"ಎಂತಾಯ್ತ್ ಮಗಾ?" ಎಂದಳು ಜಲಜಕ್ಕ.

"ಮನೆಯವ್ರ ಹೆಸ್ರ್ ಇಲ್ಲೆ ಅಲ್ದಾ ಜಲಜಕ್ಕ, ಅದಕ್ಕೇ ನಿಂತದ್."

"ನಂಗ್ ಯಾರೂ ಇಲ್ದಿದ್ರೆ ನಿನ್ ಮಿಶಿನಿಗೆಂತ ತೊಂದ್ರೆ?"

ಸುತ್ತಲಿನವರು ನಕ್ಕರು. ಶ್ರೀಲತಾಳಿಗೆ ನಗು ಬರಲಿಲ್ಲ. ಅಲ್ಲೇ ಕೂತು ಒಂದು ಸಾಲು ಸೇರಿಸಿದಳು: ಖಾಲಿಯಿದ್ದರೆ ಬಿಟ್ಟು ಮುಂದೆ ಹೋಗು. ಜಲಜಕ್ಕನ ಕಾರ್ಡು ಬಂತು, ಉಳಿದವರದೂ ಬಂತು.

ಮರುದಿನ ಅವಳು ಮೊದಲ ಸಲ ಲಿಸ್ಟಿಗೆ ಬರೆದಳು: ಏನೂ ಇಲ್ಲದಿರುವುದು ಪ್ರತಿ ಸಲವೂ ತಪ್ಪೇ ಆಗಿರಬೇಕಿಲ್ಲ, ಬಿಟ್ಟು ಮುಂದುವರಿಯಲಿ ಎಂದು, ಕಾರ್ಡಿನ ಸಂಗತಿಯನ್ನೂ ಸೇರಿಸಿ. ಒಬ್ಬ ಉತ್ತರಿಸಿದ: ಹಾಗೆ ಬಿಟ್ಟರೆ ನಿಜವಾದ ತಪ್ಪುಗಳೂ ಮುಚ್ಚಿಹೋಗುತ್ತವೆ. ಅವನ ಮಾತಿನಲ್ಲೂ ಹುರುಳಿತ್ತು. ಅವಳು ಎರಡು ದಿನ ಯೋಚಿಸಿ ಮರು ಉತ್ತರ ಬರೆದಳು. ಅದಕ್ಕೆ ಯಾರೂ ಏನೂ ಹೇಳಲಿಲ್ಲ. ಚರ್ಚೆ ಬೇರೆ ಕಡೆ ಹರಿಯಿತು. ಆದರೂ ತಿಂಗಳುಗಟ್ಟಲೆ ಅವಳು ಆ ಪುಟವನ್ನು ತೆರೆದು ನೋಡುತ್ತಿದ್ದಳು.

ಮುಂದೆ ವಿಧಾನ ಅಂತಿಮವಾದಾಗ, ಖಾಲಿ ಬಂದದ್ದನ್ನು ಬಿಟ್ಟು ಹೋಗುವುದೆಂದೇ ಅದರಲ್ಲಿತ್ತು. ಅದೇ ಮಾತನ್ನು ಇನ್ನೂ ಹಲವರು ಹೇಳಿದ್ದರು. ತನ್ನ ಪತ್ರವನ್ನು ಯಾರಾದರೂ ಲೆಕ್ಕಕ್ಕೆ ಹಿಡಿದರೋ ಇಲ್ಲವೋ ತಿಳಿಯಲಿಲ್ಲ. ಯಾರಿಗೆ ಹೇಳುವುದು? ಚಪ್ಪಲಿ ಮೆಟ್ಟಿಕೊಂಡು ಕುಂದಾಪುರದ ಬಸ್ಸು ಹತ್ತಿದಳು.

ಮೀನು ಮಾರ್ಕೆಟ್ಟಿನಲ್ಲಿ ಜಲಜಕ್ಕ ಬುಟ್ಟಿಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡಳು. "ಅವ್ರಿಗೆಲ್ಲ ನನ್ ಗುರ್ತ ಇತ್ತಾ?"

"ಇಲ್ಲೆ. ನಂದೂ ಇಲ್ಲೆ."

"ಮತ್ ನೀ ಯಾಕ್ ಅಷ್ಟ್ ದೂರ್ದಿಂದ ಬಂದದ್ದ್?"

ಜಲಜಕ್ಕ ಶ್ರೀಲತಾಳ ಮುಖವನ್ನೇ ನೋಡಿ, ಕೂರಲು ಗೋಣಿ ಮಡಚಿ ಹಾಸಿದಳು. ಅಷ್ಟರಲ್ಲಿ ಗಿರಾಕಿ ಬಂದರು. ಅವರು ಹೋದರೆ ಮತ್ತೊಬ್ಬರು. ಶ್ರೀಲತಾ ಬಂಗುಡೆ ಮೀನಿನ ವಾಸನೆಯಲ್ಲಿ, ಯಾರ ಮಾತಿಗೂ ಸೇರದೆ, ಮಾರ್ಕೆಟ್ಟು ಖಾಲಿಯಾಗುವ ತನಕ ಕೂತಿದ್ದಳು.