ಬಾಗಿಲಾಚೆಯ ಮೇಜಿನ ಕನ್ನಡಕ

ಸತ್ತವರು ಈ ಲೋಕಕ್ಕೆ ಬಂದು ಹೋಗುವ, ಚಾಂದ್ರಮಾನದ ಏಳನೇ ತಿಂಗಳು ಶುರುವಾಗಿತ್ತು. ಪ್ರಬಂಧದ ಟ್ಯೂಷನ್ ನಡೆಸುವ ಕೋ ಎಂಬ ಟೀಚರ್ ಬೋರ್ಡಿನ ಮೇಲೆ ‘ದೆವ್ವಗಳ ತಿಂಗಳು’ ಎಂದು ಬರೆದು ಮಕ್ಕಳ ಕಡೆ ತಿರುಗಿದಳು.

“ಟೀಚರ್, ಆ ಪದ ಅಳಿಸಿ,” ಎಂದ ಪೋ-ಹಾನ್. “ಈ ತಿಂಗಳು ‘ಒಳ್ಳೆ ಅಣ್ಣಂದಿರು’ ಅನ್ಬೇಕು. ಇಲ್ಲಾಂದ್ರೆ ಕೇಳಿಸ್ಕೊಂಡು ಇಲ್ಲಿಗೇ ಬಂದ್ಬಿಡ್ತಾರೆ.”

“ಬರ್ಲಿ. ಫೀಸು ಕಟ್ಟಿದ್ರೆ ಅವರಿಗೂ ಪಾಠ ಮಾಡ್ತೀನಿ.”

ಕೀಲುಂಗ್ ಬಂದರಿನ ಮಕ್ಕಳಿಗೆ ಈ ವಿಷಯ ಬಾಯಿಪಾಠ. ಎಲ್ಲರೂ ಒಂದೇ ಬರೆದರು: ನೀರಿಗೆ ಬಿಡುವ ದೀಪಗಳು, ಇಡೀ ಹಂದಿಯ ನೈವೇದ್ಯ, ದಿಕ್ಕಿಲ್ಲದೆ ಸತ್ತವರಿಗಾಗಿ ಬಾಗಿಲಾಚೆ ಹಾಕುವ ಊಟದ ಮೇಜು. ಕೋ ಟೀಚರ್ ಹಾಳೆಗಳನ್ನು ಹಾಗೇ ಹಿಂದಿರುಗಿಸಿದಳು. ಅವಳು ಕಲಿಸುತ್ತಿದ್ದುದು ಇಷ್ಟೇ. ತಿಂಗಳು ಬೇಡ, ಒಂದು ದಿನ ತಗೊಳ್ಳಿ. ದಿನವೂ ದೊಡ್ಡದು, ಒಂದು ಮೇಜು ಸಾಕು. ಆ ಮೇಜಿನ ಮೇಲೆ ಒಂದೇ ಒಂದು ವಸ್ತು. ಅದನ್ನು ಬಿಡದೆ ನೋಡುತ್ತಿದ್ದರೆ ಬರವಣಿಗೆ ತಾನಾಗಿ ಬೆಳೆಯುತ್ತದೆ.

ಹಡಗಿನ ಹಗ್ಗದಂಗಡಿಯವರ ಮಗಳು ಯುನ್-ಜೆ ಕೈ ಎತ್ತಿದಳು. “ನಮ್ಮ ಮೇಜಿನ ಮೇಲೆ ಅವರು ಮುಖ ತೊಳ್ಯೋಕೆ ಬೋಗುಣಿ, ಟವೆಲ್ ಇಡ್ತೀವಿ.”

“ಎಲ್ಲರ ಮನೇಲೂ ಇಡ್ತಾರೆ. ನಿಮ್ಮಲ್ಲಿ ಮಾತ್ರ ಇರೋದೇನು?”

ಹುಡುಗಿ ಯೋಚಿಸಿದಳು. “ಕನ್ನಡಕ. ಓದೋ ಕನ್ನಡಕ. ಹೋದ ವರ್ಷ ತಲೆಗೆ ಹಚ್ಚೋ ಕಪ್ಪು ಬಣ್ಣ ಇತ್ತು.”

“ಒಳ್ಳೆ ಅಣ್ಣಂದಿರಿಗೂ ಪರೀಕ್ಷೆ ಇರ್ಬೇಕು,” ಎಂದ ಪೋ-ಹಾನ್. ಕ್ಲಾಸು ನಕ್ಕಿತು.

ಕೋ ಟೀಚರ್ ನಗಲಿಲ್ಲ. “ಅದು ಯಾರಿಗೆ?”

“ಗೊತ್ತಿಲ್ಲ. ಅಜ್ಜಿ ಇಡ್ತಾರೆ. ಬಂದವರಿಗೆ ಅಂತಾರೆ.”

“ಬಂದವರು ಸಾವಿರ ಜನ. ಕನ್ನಡಕ ಒಂದೇ. ಕೇಳ್ಕೊಂಡು ಬಾ.”

ಮುಂದಿನ ವಾರ ಕ್ಲಾಸಿಗೆ ಮೊದಲೇ ಆ ಅಜ್ಜಿ ಮೆಟ್ಟಿಲು ಹತ್ತಿ ಬಂದಳು.

“ಚಿಕ್ಕದು ಮಾಡು, ಇನ್ನೂ ಚಿಕ್ಕದು ಮಾಡು ಅಂತ ಹೇಳ್ಕೊಡೋ ಟೀಚರಮ್ಮ ನೀನೇನಾ?”

“ನಾನೇ ಅಜ್ಜಿ. ಕೂತ್ಕೊಳ್ಳಿ.”

ಅಜ್ಜಿ ಕೂರಲಿಲ್ಲ. “ನಿನ್ನ ಶಿಷ್ಯೆ ಬೆನ್ನು ಬಿಡ್ಲಿಲ್ಲ. ಹೇಳ್ಬಿಟ್ಟೆ. ನನಗೊಬ್ಳು ಮಗಳಿದ್ಲು, ಸಿಯುಖಿಮ್ ಅಂತ. ಯುನ್-ಜೆ ಅಪ್ಪ ಹುಟ್ಟೋಕೆ ಮುಂಚೆ. ಹನ್ನೊಂದು ತುಂಬಿತ್ತು, ಜ್ವರ ಬಂತು, ಹೋದ್ಲು.”

ಉಳಿದದ್ದು ಕೋ ಟೀಚರಿಗೂ ಗೊತ್ತಿತ್ತು. ಮದುವೆಯಾಗದೆ ಸತ್ತ ಹೆಣ್ಣಿಗೆ ತವರಿನ ದೇವರಗೂಡಿನಲ್ಲಿ ಹೆಸರಿನ ಹಲಗೆ ಇಡುವಂತಿಲ್ಲ. ಅವಳ ಜಾಗ ಗಂಡನ ಮನೆಯಲ್ಲಿ. ಗಂಡನೇ ಇಲ್ಲದವಳು ಬೀದಿಪಾಲು.

“ಒಳಗೆ ಅವಳ ಹೆಸರು ಎತ್ಕೂಡ್ದು ಅಂದ್ಬಿಟ್ರು ನಮ್ಮತ್ತೆ. ಹೊರಗಿನ ಮೇಜು ಹೇಗೂ ಎಲ್ರಿಗೂ ಅಲ್ವಾ? ಮೊದಲ ವರ್ಷ ಒಂದು ಕ್ಲಿಪ್ಪು ಇಟ್ಟೆ. ಆಮೇಲೆ ಬಾಡಿ ಇಟ್ಟೆ, ತುಟಿಬಣ್ಣ ಇಟ್ಟೆ. ವಯಸ್ಸು ನಿಲ್ಲುತ್ತಾ? ಈಗ ಐವತ್ತು ದಾಟಿದೆ. ನಮ್ಮ ಕಡೆ ಎಲ್ರಿಗೂ ಆ ವಯಸ್ಸಿಗೆ ಕಣ್ಣು ಮಂಜು.”

ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

“ಆ ಜಾತ್ರೇಲಿ ಅವಳೂ ಒಬ್ಳು ಅಂತ ಯಾರಿಗೂ ಗೊತ್ತಿಲ್ಲ. ಅದಕ್ಕೇ ಬರ್ತಾ ಇದಾಳೆ. ನನ್ನ ಮಗನಿಗೆ ಗೊತ್ತಾದ್ರೆ ಪುರೋಹಿತರನ್ನ ಕರೆಸಿ ಎಲ್ಲಿಗೋ ಕಳಿಸ್ಬಿಡ್ತಾನೆ. ಒಳ್ಳೇದು ಮಾಡ್ತಿದೀನಿ ಅಂದ್ಕೊಂಡೇ ಕಳಿಸ್ತಾನೆ. ಆ ಪ್ರಬಂಧ ನಿಲ್ಸು ತಾಯಿ.”

“ನಿಲ್ಲಿಸ್ತೀನಿ,” ಎಂದಳು ಕೋ ಟೀಚರ್.

ಆ ಸಂಜೆ ಯುನ್-ಜೆಯನ್ನು ಪಕ್ಕಕ್ಕೆ ಕರೆದಳು. “ಬೇರೆ ಬರಿ. ದೀಪ, ಹಂದಿ, ಎಲ್ರೂ ಬರೆಯೋ ಹಾಗೆ.”

“ಎಲ್ರ ಹಾಗೆ ಬರೀಬೇಡ ಅಂದೋರು ನೀವೇ ಅಲ್ವಾ?” ಹುಡುಗಿ ಹಾಳೆ ಚಾಚಿದಳು.

ಚೌಕಗಳ ಒಳಗೆ ಅಕ್ಷರಗಳು ನೆಟ್ಟಗೆ ಕೂತಿದ್ದವು. ಕೊನೆಯಲ್ಲಿ ಸಹಿಯ ಬದಲು ಅಪ್ಪನ ಕೆಂಪು ಮೊಹರು. ಮನೆಯವರ ಮೊಹರಿಲ್ಲದ ಹಾಳೆಯನ್ನು ಕೋ ಟೀಚರ್ ಮುಟ್ಟುತ್ತಿರಲಿಲ್ಲ. ಅಪ್ಪ ಅಮ್ಮಂದಿರೂ ಅದನ್ನು ಸೊಳ್ಳೆ ಹೊಡೆದಂತೆ ಹೊಡೆದು ಕೊಡುತ್ತಿದ್ದರು, ಏನಿದೆಯೆಂದು ನೋಡುತ್ತಿರಲಿಲ್ಲ.

“ಅಪ್ಪ ಓದ್ಲಿಲ್ಲ ತಾನೆ?”

“ಯಾವತ್ತೂ ಓದಲ್ಲ. ಈ ಸಲ ಮೊದಲನೇ ಸಾಲಿಗೇ ನಿಂತ್ಬಿಟ್ರು. ಪೂರ್ತಿ ಓದಿದ್ರು. ಚೆನ್ನಾಗಿದೆ ಅಂದ್ರು. ಆಮೇಲೆ ಫೋನ್ ತಗೊಂಡು ಹೊರಗೆ ಹೋದ್ರು.”

ಮೊದಲನೇ ಸಾಲು ಹೀಗಿತ್ತು: ‘ಈ ವರ್ಷ ನನ್ನ ಸೋದರತ್ತೆಗೆ ಕಣ್ಣು ಮಂಜಾಗಿದೆ.’

ಕೋ ಟೀಚರ್ ಕೊನೆಯವರೆಗೂ ಓದಿದಳು. ತಿದ್ದುವುದಕ್ಕೆ ಒಂದು ಪದವೂ ಇರಲಿಲ್ಲ.

ಯುನ್-ಜೆಯ ಅಪ್ಪ ಕೆಟ್ಟವನಲ್ಲ. ಕಂಡಿರದ ಅಕ್ಕನಿಗಾಗಿ ಅಂಗಡಿಯಲ್ಲೇ ಕೂತು ಅತ್ತನೆಂದು ಅಕ್ಕಪಕ್ಕದವರು ಹೇಳಿದರು. ಪುರೋಹಿತರನ್ನು ಕರೆಸಿ, ಗಂಟೆ ಬಾರಿಸಿ, ಬೆಟ್ಟದ ಮೇಲೆ ಮದುವೆಯಾಗದೆ ಸತ್ತ ಹೆಣ್ಣುಮಕ್ಕಳಿಗೆಂದೇ ಇರುವ ಗುಡಿಯಲ್ಲಿ ಅವಳಿಗೊಂದು ಜಾಗ ಮಾಡಿಸಿದ. ಅಲ್ಲಿ ದಿನವೂ ಊದುಬತ್ತಿ ಹಚ್ಚುತ್ತಾರೆ. ತಮ್ಮನಾದವನು ಇನ್ನೇನು ಮಾಡಬೇಕು?

ತಿಂಗಳ ನಡುವಿನ ದೊಡ್ಡ ಎಡೆಯ ದಿನ ಮಧ್ಯಾಹ್ನ ಕೋ ಟೀಚರ್ ಹಗ್ಗದಂಗಡಿಗೆ ಹೋದಳು. ಬಾಗಿಲಾಚೆ ಮೇಜು ಹಾಕಿತ್ತು. ಬಾತುಕೋಳಿ, ಅನಾನಸ್, ಬಿಸ್ಕತ್ತಿನ ಪೊಟ್ಟಣಗಳು, ಒಂದೊಂದಕ್ಕೂ ಚುಚ್ಚಿದ ಊದುಬತ್ತಿ. ಆ ಬೀದಿಯ ಯಾವ ಮೇಜಿಗೂ ಇದಕ್ಕೂ ವ್ಯತ್ಯಾಸವಿರಲಿಲ್ಲ. ಒಳಗಿದ್ದ ಯುನ್-ಜೆ ಟೀಚರನ್ನು ನೋಡಿಯೂ ಹೊರಗೆ ಬರಲಿಲ್ಲ. ಅಜ್ಜಿ ಸ್ಟೂಲಿನ ಮೇಲೆ ಬೀದಿಗೆ ಮುಖ ಮಾಡಿ ಕೂತಿದ್ದಳು.

“ಅವಳಿಗೂ ಒಂದು ಜಾಗ ಆಯ್ತಲ್ಲ ಅಜ್ಜಿ.” ಕೋ ಟೀಚರ್ ಸ್ಟೂಲಿನ ಪಕ್ಕ ನಿಂತಳು.

“ಆಯ್ತು. ನೋಡ್ಕೊಂಡು ಬಂದೆ. ಹಲಗೆ ಚೆನ್ನಾಗಿದೆ, ಒಳ್ಳೆ ಮರ.” ಅಜ್ಜಿ ಬೀದಿಯ ತುದಿಯಿಂದ ಕಣ್ಣು ಕೀಳಲಿಲ್ಲ. “ಹೆಸರಿನ ಕೆಳಗೆ ವಯಸ್ಸು ಕೆತ್ತಿದಾರೆ. ಹನ್ನೊಂದು ಅಂತ.”

ಗಾಳಿಗೆ ಊದುಬತ್ತಿಯ ಬೂದಿ ಬಿಸ್ಕತ್ತಿನ ಮೇಲೆ ಉದುರಿತು. ಅಜ್ಜಿ ಅದನ್ನು ಒರೆಸಲಿಲ್ಲ.

“ಅಷ್ಟು ಸಣ್ಣ ಮಗು,” ಎಂದಳು, “ಬೆಟ್ಟ ಇಳಿದು ಇಲ್ಲೀವರೆಗೂ ಒಂಟಿಯಾಗಿ ಹೇಗೆ ಬರುತ್ತೆ ಟೀಚರಮ್ಮ?”